ಮೇಡಂ, ಸ್ವಲ್ಪ ಉಸಿರು ಬಿಡಿ

ನಾನು ದಿನಾ ಬೆಳಗ್ಗೆ ಕೂತು ನನ್ನ ಉಸಿರು ನೋಡುತ್ತೇನೆ. ಇದೆಲ್ಲ ಶುರುವಾಗಿದ್ದು ಟೈಲರ್ ಅಂಗಡಿಯಲ್ಲಿ. ಯಾವ ಗುರುಗಳೂ ಇಲ್ಲ, ಹಿಮಾಲಯವೂ ಇಲ್ಲ.

2023ರ ದಸರಾಗೆ ಸ್ವಲ್ಪ ಮುಂಚೆ. ನಾದಿನಿಯ ಗೃಹಪ್ರವೇಶ ಇತ್ತು, ಬ್ಲೌಸ್ ಹೊಲಿಸಬೇಕಿತ್ತು. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ಅಂಗಡಿ. ಒಂದು ಸ್ಕೂಟರ್ ನಿಲ್ಲಿಸುವಷ್ಟು ಜಾಗ, ಎರಡು ಮೆಷಿನ್ನು, ಗೋಡೆ ತುಂಬ ಕವರಿನಲ್ಲಿ ನೇತುಹಾಕಿದ ಬ್ಲೌಸುಗಳು. ಆಕೆ ನನ್ನ ಸೊಂಟದ ಸುತ್ತ ಟೇಪು ಹಿಡಿದು ಹಾಗೇ ನಿಂತರು. ಅಳತೆ ಬರೆದುಕೊಳ್ಳಲೇ ಇಲ್ಲ.

"ಮೇಡಂ, ಸ್ವಲ್ಪ ಉಸಿರು ಬಿಡಿ."

"ಬಿಟ್ಟೆನಲ್ಲ."

"ಇಲ್ಲ, ಬಿಟ್ಟಿಲ್ಲ. ನೀವು ಯಾವಾಗ್ಲೂ ಹೀಗೇನೇ. ಹೊಟ್ಟೆ ಒಳಗೆ ಎಳ್ಕೊಂಡು ಉಸಿರು ಹಿಡ್ಕೊಂಡು ನಿಂತಿರ್ತೀರ. ಹೋದ ಸಲ ಬಿಗಿ ಆಯ್ತು ಅಂತ ನನ್ನನ್ನ ಬೈದ್ರಲ್ಲ, ಅದು ಇದಕ್ಕೇ. ಇಲ್ಲಿ ಅಳತೆ ಕಮ್ಮಿ ಬರುತ್ತೆ, ಮನೆಗೆ ಹೋಗಿ ಉಸಿರು ಬಿಟ್ರೆ ಹುಕ್ಕು ಹಾಕಕ್ಕಾಗಲ್ಲ."

ನನಗೆ ನಗು ಬಂತು. ನಕ್ಕಾಗ ಉಸಿರು ಹೊರಗೆ ಬಂತು. ಟೇಪು ಒಂದೂವರೆ ಇಂಚು ಮುಂದೆ ಹೋಯಿತು! ಆ ಒಂದೂವರೆ ಇಂಚು ನಾನು ಎಷ್ಟು ವರ್ಷದಿಂದ ಒಳಗೆ ಎಳೆದುಕೊಂಡು ಓಡಾಡುತ್ತಿದ್ದೆನೋ ಏನೋ.

ಆಮೇಲೆ ನನ್ನನ್ನೇ ಗಮನಿಸೋಕೆ ಶುರು ಮಾಡಿದೆ. ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಪ್ರತಿ ತಿಂಗಳು 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ಓಟಿಪಿ ಬರುವ ತನಕ ಉಸಿರಿಲ್ಲ. ಸ್ಕ್ರೀನ್ ಮೇಲೆ ಚಕ್ರ ಸುತ್ತುವಷ್ಟು ಹೊತ್ತು ಉಸಿರಿಲ್ಲ. ಗಾಡಿಯಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು ಅಂತ ನಂಬರು ಇಳಿಯುತ್ತಿರುತ್ತದಲ್ಲ, ಅಷ್ಟು ಹೊತ್ತೂ ಹೊಟ್ಟೆ ಕಲ್ಲು. ವಾಟ್ಸಾಪ್‌ನಲ್ಲಿ ಮಗಳ ಕಾಲೇಜಿನ ಗ್ರೂಪಿನಿಂದ ಟಿಂಗ್ ಅಂದರೆ ಸಾಕು, ಎಳೆದ ಉಸಿರು ಅರ್ಧದಲ್ಲೇ ನಿಲ್ಲುತ್ತದೆ. ಇದು ನನ್ನೊಬ್ಬಳ ರೋಗ ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದ ಲಿಂಡಾ ಸ್ಟೋನ್ ಅನ್ನುವವರು 2008ರಲ್ಲೇ ಇದಕ್ಕೆ 'ಇಮೇಲ್ ಆಪ್ನಿಯಾ' ಅಂತ ಹೆಸರಿಟ್ಟಿದ್ದಾರೆ. ಇಮೇಲ್ ನೋಡುವಾಗ ಗೊತ್ತೇ ಆಗದ ಹಾಗೆ ಉಸಿರು ಹಿಡಿಯುವುದು, ಇಲ್ಲ ಮೇಲೆಮೇಲೆ ಆಡುವುದು. ಹೆಸರಿದೆ ಅಂತ ಗೊತ್ತಾದ ದಿನ ಯಾಕೋ ಸಮಾಧಾನ ಆಯಿತು.

ಆದರೆ ನಮ್ಮ ಭಾಷೆಗೆ ಇದೆಲ್ಲ ಮೊದಲೇ ಗೊತ್ತಿತ್ತು ಅಲ್ವಾ. ಕೆಲಸ ಜಾಸ್ತಿ ಆದರೆ 'ಉಸಿರಾಡೋಕೂ ಪುರಸೊತ್ತಿಲ್ಲ' ಅನ್ನುತ್ತೇವೆ. ಬೇಸರಕ್ಕೆ ನಿಟ್ಟುಸಿರು. ಮೆಟ್ಟಿಲು ಹತ್ತಿ ಬಂದರೆ ಏದುಸಿರು. ಗುಟ್ಟು ಹೇಳಿದರೆ 'ಎಲ್ಲೂ ಉಸಿರೆತ್ತಬೇಡ'. ಗಂಡಾಂತರ ತಪ್ಪಿದರೆ 'ಅಬ್ಬಾ, ಹೋದ ಉಸಿರು ಬಂತು'. ಮತ್ತೆ ಆ ಪದ ನೋಡಿ, ಉಸಿರಾಟ. ಓಡಾಟ, ಹುಡುಗಾಟ ಇದ್ದ ಹಾಗೆ. ಅದರೊಳಗೆ ಒಂದು ಆಟ ಇದೆ. ನಾನು ಅದನ್ನು ಆಫೀಸ್ ಕೆಲಸ ಮಾಡಿಕೊಂಡಿದ್ದೆ.

ಸರಿ, ಏನಾದರೂ ಮಾಡಬೇಕು ಅಂತ ಹೊರಟೆ. ಮೊದಲು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ಒಬ್ಬಾಕೆ ಇಂಗ್ಲಿಷಿನಲ್ಲಿ, ಮಗುವನ್ನು ಮಲಗಿಸುವ ದನಿಯಲ್ಲಿ, ನೀವೀಗ ಸಮುದ್ರದ ದಂಡೆಯಲ್ಲಿದ್ದೀರಿ ಅಂದಳು. ನಾನಿದ್ದದ್ದು ವಾಷಿಂಗ್ ಮೆಷಿನ್ ಪಕ್ಕ. ಏಳು ದಿನ ಆದಮೇಲೆ ದುಡ್ಡು ಕೇಳಿತು, ತೆಗೆದುಹಾಕಿದೆ. ಆಮೇಲೆ ಯೂಟ್ಯೂಬ್ ನೋಡಿ ಕಪಾಲಭಾತಿ, ಅಂದರೆ ಹೊಟ್ಟೆ ಒತ್ತಿ ಉಸಿರನ್ನು ಬೇಗ ಬೇಗ ಹೊರಗೆ ತಳ್ಳುವುದು. ಎರಡು ಇಡ್ಲಿ ತಿಂದು ಹತ್ತು ನಿಮಿಷಕ್ಕೆ ಕೂತಿದ್ದೆ, ತಲೆ ಗಿರ್ರೆಂದಿತು. ಪಾರ್ಕಿನಲ್ಲಿ ಯೋಗ ಹೇಳಿಕೊಡುವ ಮೇಡಂ ಕೇಳಿ ತಲೆ ಚಚ್ಚಿಕೊಂಡರು. ಅದು ಖಾಲಿ ಹೊಟ್ಟೆಯಲ್ಲಿ, ಎದುರಿಗೆ ಕೂತು ಕಲಿತು ಮಾಡಬೇಕಾದದ್ದು. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ಅದರ ಗೋಜಿಗೇ ಹೋಗಬಾರದು. ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗ ಗ್ರಂಥದಲ್ಲಿ ಕಪಾಲಭಾತಿ ಪ್ರಾಣಾಯಾಮದ ಪಟ್ಟಿಯಲ್ಲೇ ಇಲ್ಲ, ನೇತಿ, ಧೌತಿ ಜೊತೆಗೆ ಶುದ್ಧಿ ಮಾಡುವ ಆರು ಕ್ರಿಯೆಗಳಲ್ಲಿ ಒಂದು. ಅಂದರೆ ಪಾತ್ರೆ ತಿಕ್ಕುವ ಕೆಲಸ. ನಾನು ಅದನ್ನೇ ಅಡುಗೆ ಅಂದುಕೊಂಡಿದ್ದೆ.

ಲಾಲ್‌ಬಾಗಿಗೂ ಹೋದೆ. ಒಂದು ಭಾನುವಾರ ಬೆಳಗ್ಗೆ ಆರೂವರೆಗೆ, ಕೆಂಪೇಗೌಡ ಗೋಪುರದ ಬಂಡೆ ಮೇಲೆ. 300 ಕೋಟಿ ವರ್ಷದ ಹಳೆಯ ಬಂಡೆ, ಅದರ ಮೇಲೆ ಕೂತರೆ ಶಾಂತಿ ಬರದೇ ಇರುತ್ತದಾ ಅಂದುಕೊಂಡೆ. ಬಂದದ್ದು ಇರುವೆ. ಮತ್ತೆ, 'ಆಂಟಿ, ಒಂದು ಫೋಟೋ ತೆಗೀತೀರಾ' ಅಂತ ನಾಲ್ಕು ಹುಡುಗರು. ತೆಗೆದುಕೊಟ್ಟು, ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಬಂದೆ. ಆ ಭಾನುವಾರ ಕೆಟ್ಟದಾಗೇನೂ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಆಫೀಸಿನ ಗೆಳತಿ. ಅವಳು ತುಮಕೂರು ರಸ್ತೆಯ ಕಡೆ, ದಾಸನಪುರದ ಹತ್ತಿರ ಇರುವ ವಿಪಶ್ಯನಾ ಧ್ಯಾನದ ಕೇಂದ್ರದಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದಿದ್ದಳು. ಈ ಧ್ಯಾನ ಕಲಿಸುತ್ತಿದ್ದ ಎಸ್. ಎನ್. ಗೋಯೆಂಕಾ ಅವರ ಪದ್ಧತಿ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ಮಾತಿಲ್ಲ, ಫೋನಿಲ್ಲ, ಫೀಸೂ ಇಲ್ಲ. ಮುಗಿದ ಮೇಲೆ ಮನಸ್ಸಿದ್ದರೆ ದಾನ. "ಏನು ಹೇಳಿಕೊಟ್ಟರೇ?" ಅಂದೆ. "ಮೊದಲ ಮೂರು ದಿನ ಮೂಗಿನ ಹತ್ತಿರ ಗಾಳಿ ಬರೋದು, ಹೋಗೋದು ನೋಡು ಅಂದ್ರು, ಅಷ್ಟೆ" ಅಂದಳು. "ಮೂರು ದಿನ ಅದನ್ನೇನಾ?" "ಅದನ್ನೇ ಕಣೇ. ಎಳಿ ಅನ್ನಲ್ಲ, ಬಿಡು ಅನ್ನಲ್ಲ. ಬಂದ ಹಾಗೆ ನೋಡು." ಇದಕ್ಕೆ ಆನಾಪಾನ ಅಂತ ಹೆಸರು. ಪಾಲಿ ಭಾಷೆಯಲ್ಲಿ ಆನ ಅಂದರೆ ಒಳಗೆ ಬರುವ ಉಸಿರು, ಅಪಾನ ಅಂದರೆ ಹೊರಗೆ ಹೋಗುವುದು. ಬುದ್ಧ ಹೇಳಿಕೊಟ್ಟ ಧ್ಯಾನ.

ನನಗೆ ಹತ್ತು ದಿನ ರಜೆ ಸಿಗುವುದಿಲ್ಲ. ಅತ್ತೆ, ಗಂಡ, ದ್ವಿತೀಯ ಪಿಯುಸಿ ಮಗಳು, ಮೇಲೆ 20ನೇ ತಾರೀಕು. ಹಾಗಾಗಿ ಮನೆಯಲ್ಲೇ, ದಿನಾ ಬೆಳಗ್ಗೆ ಐದೂ ನಲವತ್ತಕ್ಕೆ, ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಕೂರೋಕೆ ಶುರು ಮಾಡಿದೆ. ಪದ್ಮಾಸನ ಎಲ್ಲ ಇಲ್ಲ, ಮಂಡಿ ಕೇಳುವುದಿಲ್ಲ. ಒಂದು ಪ್ಲಾಸ್ಟಿಕ್ ಚೇರು. ಪಾದ ನೆಲಕ್ಕೆ ಊರಿ, ಬೆನ್ನು ಸ್ವಲ್ಪ ನೆಟ್ಟಗೆ. ಉಸಿರು ಹೊರಗೆ ಹೋದಾಗ ಒಂದು ಅಂತ ಎಣಿಸುವುದು. ಮತ್ತೆ ಹೋದಾಗ ಎರಡು. ಹತ್ತಾದರೆ ಮತ್ತೆ ಒಂದರಿಂದ. ಇಷ್ಟೇ. ಓದೋಕೆ ಎಷ್ಟು ಸುಲಭ ಅಲ್ವಾ?

ಮೊದಲ ತಿಂಗಳು ನಾನು ಹತ್ತನ್ನು ಮುಟ್ಟಲೇ ಇಲ್ಲ. ಒಂದು. ಎರಡು. ಮೂರು, ಹಾಲಿನವನಿಗೆ ನಾಳೆ ಒಂದು ಪ್ಯಾಕೆಟ್ ಜಾಸ್ತಿ ಹೇಳಬೇಕು, ಅಯ್ಯೋ ಮೊನ್ನೆಯ ಸಾಂಬಾರು ಫ್ರಿಜ್ಜಿನಲ್ಲೇ ಇದೆ, ಅವತ್ತು ನಾದಿನಿ 'ನೀನು ದಪ್ಪ ಆಗಿದ್ದೀಯ' ಅಂದಾಗ ನಾನು ಸುಮ್ಮನಿದ್ದೆನಲ್ಲ, ಏನಾದರೂ ಅನ್ನಬೇಕಿತ್ತು, ಏನು ಅನ್ನಬಹುದಿತ್ತು ಅಂದರೆ... ಹೀಗೆ ಹೋಗಿ ಹೋಗಿ ನಾದಿನಿ ಜೊತೆ ಪೂರ್ತಿ ಒಂದು ಜಗಳ ಆಡಿ, ಗೆದ್ದು, ವಾಪಸ್ ಬರುವ ಹೊತ್ತಿಗೆ ನಾಲ್ಕು ನಿಮಿಷ ಆಗಿರುತ್ತಿತ್ತು. ಎಷ್ಟನೇ ಉಸಿರು ಅಂತ ದೇವರಿಗೇ ಗೊತ್ತು. ಮತ್ತೆ ಒಂದು.

ಗೆಳತಿಯನ್ನು ಕೇಳಿದೆ, ಮನಸ್ಸು ಖಾಲಿಯೇ ಆಗುತ್ತಿಲ್ಲವಲ್ಲ ಅಂತ. ಖಾಲಿ ಮಾಡು ಅಂತ ಯಾರು ಹೇಳಿದ್ರು ನಿನಗೆ ಅಂದಳು. ಹೋಗಿದ್ದೀನಿ ಅಂತ ಗೊತ್ತಾಗುತ್ತಲ್ಲ, ಆಗ ವಾಪಸ್ ಬಾ. ಅದೇ ಕೆಲಸ.

ಇನ್ನು ಹೊರಗಿನ ಸದ್ದು. ಬೆಂಗಳೂರಿನಲ್ಲಿ ಬೆಳಗ್ಗೆ ಐದೂ ನಲವತ್ತು ನಿಶ್ಶಬ್ದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋಗಿಲೆ ಇದೆ, ಒಪ್ಪಿದೆ. ಅದರ ಜೊತೆ ದೇವಸ್ಥಾನದ ಸುಪ್ರಭಾತ, ಎದುರುಮನೆಯವರ ಕಾರು ರಿವರ್ಸ್ ತೆಗೆಯುವಾಗಿನ ಪೀಂಪೀಂ, ಯಾರದೋ ಮನೆಯ ಕುಕ್ಕರು, ಸ್ವಲ್ಪ ಹೊತ್ತಿಗೆ ಧ್ವನಿಮುದ್ರಿಕೆ ಹಾಕಿಕೊಂಡು ಬರುವ ಸೊಪ್ಪಿನ ಗಾಡಿ. ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದೆ. ಹತ್ತಿ ಇಟ್ಟರೆ ನನ್ನ ಉಸಿರೇ ಬುಸುಬುಸು ಅಂತ ಹಾವಿನ ಹಾಗೆ ಕೇಳುತ್ತದೆ, ಇನ್ನೂ ಕಷ್ಟ. ತೆಗೆದೆ. ಈಗ ಕುಕ್ಕರ್ ಕೂಗಿದರೆ ಕೂಗಿತು. ಅವರ ಮನೆ ಬೇಳೆ, ಅವರು ನೋಡಿಕೊಳ್ಳುತ್ತಾರೆ.

ನನಗೆ ನಿಜವಾಗಿ ಹಿಡಿಸಿದ್ದು ಉಸಿರು ಬಿಡುವ ಭಾಗ. ಎಳೆಯುವುದಲ್ಲ. ಇದನ್ನು ನೀವೇ ನೋಡಬಹುದು, ಈಗಲೇ. ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ಉಸಿರು ಎಳೆಯಿರಿ. ಟಕ್ ಟಕ್ ಟಕ್ ಅಂತ ಸ್ವಲ್ಪ ಹತ್ತಿರ ಹತ್ತಿರ ಬಡಿಯುತ್ತದೆ. ಈಗ ಬಿಡಿ, ಉದ್ದಕ್ಕೆ, ಬಿಸಿ ಕಾಫಿ ಊದುವ ಹಾಗೆ. ಟಕ್... ಟಕ್... ಅಂತ ದೂರ ದೂರ ಆಗುತ್ತದೆ. ಎಲ್ಲರಿಗೂ ಒಂದೇ ಸಮ ಗೊತ್ತಾಗುವುದಿಲ್ಲ, ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಮೆದುಳಿನಿಂದ ಕುತ್ತಿಗೆಯ ಮೂಲಕ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆ ತನಕ ಹೋಗುವ ವೇಗಸ್ ಅನ್ನುವ ಒಂದು ನರ ಇದೆ. ಅದು ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಆ ಬ್ರೇಕು ಮೆಲ್ಲಗೆ ಬೀಳುತ್ತದೆ, ಎಳೆಯುವಾಗ ಸಡಿಲ ಆಗುತ್ತದೆ. ಮೊದಲ ಸಲ ಬೆರಳಿಗೆ ಇದು ತಾಗಿದಾಗ ಗಂಡನನ್ನು ಎಬ್ಬಿಸಿ ತೋರಿಸಿದೆ. ಐದೂವರೆಗೆ ಎಬ್ಬಿಸಿದ್ದಕ್ಕೆ ಅವರ ನಾಡಿ ಜೋರಾಗಿಯೇ ಇತ್ತು.

ಇನ್ನೊಂದು ವಿಷಯ, ಮೂಗಿನದು. ಎರಡೂ ಹೊಳ್ಳೆ ಒಂದೇ ಸಮ ಕೆಲಸ ಮಾಡುವುದಿಲ್ಲ ಅಂತ ನನಗೆ ನಲವತ್ತಾರು ವರ್ಷ ಗೊತ್ತೇ ಇರಲಿಲ್ಲ. ಒಂದು ಜಾಸ್ತಿ ತೆರೆದಿರುತ್ತದೆ, ಒಂದು ಸ್ವಲ್ಪ ಮುಚ್ಚಿರುತ್ತದೆ, ಕೆಲವು ಗಂಟೆಗೊಮ್ಮೆ ಪಾಳಿ ಬದಲಾಗುತ್ತದೆ. ನೆಗಡಿ ಇಲ್ಲದಿದ್ದರೂ. ಯೋಗದವರು ಎಡ, ಬಲ ಹೊಳ್ಳೆಗೆ ಸೇರಿಸಿ ಇಡಾ, ಪಿಂಗಳಾ ನಾಡಿ ಅಂತ ಹೇಳುವುದಕ್ಕೂ ಇದಕ್ಕೂ ನಂಟಿದೆ, ಡಾಕ್ಟರುಗಳ ಪುಸ್ತಕದಲ್ಲೂ ಇದು ಇದೆ. ಡಿಸೆಂಬರಿನ ಚಳಿಗೆ, ರಸ್ತೆ ಅಗೆದ ಧೂಳಿಗೆ ನನಗೆ ಎರಡೂ ಕಟ್ಟಿಕೊಳ್ಳುತ್ತವೆ. ಆ ದಿನಗಳಲ್ಲಿ ಮೂಗು ಬಿಟ್ಟು ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತೇನೆ. ಯಾರಾದರೂ ಅದು ಸರಿಯಾದ ಪದ್ಧತಿ ಅಲ್ಲ ಅಂದರೆ ಅನ್ನಲಿ.

ಲೆಕ್ಕದ ಕೆಲಸದವಳಾದ್ದರಿಂದ ಒಂದು ಲೆಕ್ಕ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 15 ಅಂತ ಹಿಡಿದರೆ ಗಂಟೆಗೆ 900, ದಿನಕ್ಕೆ 21,600. ಹಳೆಯ ಯೋಗ ಗ್ರಂಥಗಳಲ್ಲಿ ದಿನದ ಉಸಿರಿನ ಲೆಕ್ಕ ಎಷ್ಟು ಗೊತ್ತಾ? 21,600! ಆಫೀಸಿನಲ್ಲಿ ಕ್ಯಾಲ್ಕುಲೇಟರ್ ಒತ್ತಿ ನೋಡಿ ದಂಗಾದೆ. ನಮ್ಮಲ್ಲಿ ಎರಡು ಲೆಡ್ಜರ್ ಇಷ್ಟು ಸರಿಯಾಗಿ ತಾಳೆಯಾಗುವುದು ಅಪರೂಪ. ಅದರಲ್ಲಿ ನಾನು ಬೆಳಗ್ಗೆ ನೋಡುವುದು ಇನ್ನೂರು ಚಿಲ್ಲರೆ. ಕೂತಾಗ ತಾನಾಗಿ ನಿಧಾನ ಆಗುತ್ತದೆ, ಕೆಲವು ದಿನ ನಿಮಿಷಕ್ಕೆ ಎಂಟೋ ಒಂಬತ್ತೋ. ಆರಕ್ಕೆ ಇಳಿಸುವುದನ್ನೇ ಒಂದು ಅಭ್ಯಾಸ ಮಾಡಿಕೊಂಡವರಿದ್ದಾರೆ. ನಾನು ಅದರ ಹಿಂದೆ ಬೀಳಲಿಲ್ಲ. ಅದಕ್ಕೂ ಟಾರ್ಗೆಟ್ ಇಟ್ಟುಕೊಂಡರೆ ಮತ್ತೆ ಹೊಟ್ಟೆ ಬಿಗಿ.

ಈಗ ನನ್ನ ಮಾನ ಹೋದ ಕಥೆ. 2024ರ ಮಾರ್ಚ್. ಊರಿನಲ್ಲಿ ನೀರಿಲ್ಲ. ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರಿಗೆ ಜನ ಕಾಯುತ್ತಿದ್ದ ದಿನಗಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅವತ್ತು ಬೆಳಗ್ಗೆ ನಾನು ಸಂಪಿನ ಮೋಟರ್ ಹಾಕಿ, ತುಂಬೋಕೆ ಇನ್ನೂ ಹೊತ್ತಿದೆಯಲ್ಲ ಅಂತ ಕೂತೆ. ಆ ದಿನ ಏನೋ, ಎಣಿಕೆ ತಪ್ಪಲೇ ಇಲ್ಲ. ಹತ್ತು, ಮತ್ತೆ ಒಂದು, ಮತ್ತೆ ಹತ್ತು. ದೂರದಲ್ಲಿ ಎಲ್ಲೋ ಜಲಪಾತದ ಸದ್ದು. ಆಹಾ, ಇದೇ ಇರಬೇಕು ಅದು ಅಂದುಕೊಂಡೆ. ಅದು ನಮ್ಮ ಟ್ಯಾಂಕು. ಮೇಲಿನಿಂದ ನೀರು ಧೋ ಅಂತ ಸುರಿದು, ಕೆಳಗಿನ ಮನೆ ಓನರ್ ಆಂಟಿ ಒಣಗಿಸಿದ್ದ ಸಂಡಿಗೆ ಮೇಲೆ ಬಿದ್ದು, ಗೇಟು ದಾಟಿ ರಸ್ತೆಗೆ ಹರಿದಿತ್ತು. ಆಂಟಿ ಮೆಟ್ಟಿಲು ಹತ್ತಿ ಬಂದರು. "ಏನಮ್ಮಾ ಇದು, ಊರೆಲ್ಲ ಬಿಂದಿಗೆ ಹಿಡ್ಕೊಂಡು ನಿಂತಿದೆ, ನೀನು ಕಣ್ಮುಚ್ಕೊಂಡು ಕೂತಿದ್ದೀಯಲ್ಲ!" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಒಂದು ವಾರ ಅವರಿಗೆ ಮುಖ ತೋರಿಸಲಿಲ್ಲ, ಸಂಡಿಗೆಗೆ ಅಂತ ಒಂದು ಕೆಜಿ ಸಬ್ಬಕ್ಕಿ ಕೊಟ್ಟು ಬಂದೆ.

ಇದನ್ನು ಕೇಳಿ ಎಲ್ಲರಿಗಿಂತ ಜಾಸ್ತಿ ನಕ್ಕವರು ಅತ್ತೆ. ಅವರಿಗೆ ಮೊದಲಿನಿಂದಲೂ ಇದರ ಮೇಲೆ ನಂಬಿಕೆ ಇಲ್ಲ. "ನಿಮ್ಮ ಮಾವನೂ ದಿನಾ ಸಂಧ್ಯಾವಂದನೆಗೆ ಮೂಗು ಹಿಡ್ಕೊಂಡು ಕೂರ್ತಿದ್ರು ಕಣೇ. ನಲವತ್ತು ವರ್ಷ. ಎದ್ದ ತಕ್ಷಣ, ಕಾಫಿ ಯಾಕೆ ತಣ್ಣಗಿದೆ ಅಂತ ಕೂಗೋರು." ನನಗೆ ಅದು ಒಳ್ಳೆಯ ಪ್ರಶ್ನೆ ಅನಿಸಿತು. ಇವತ್ತಿಗೂ ಅನಿಸುತ್ತದೆ. ಹಠಯೋಗ ಪ್ರದೀಪಿಕೆ 'ಚಲೇ ವಾತೇ ಚಲಂ ಚಿತ್ತಂ' ಅನ್ನುತ್ತದೆ, ಗಾಳಿ ಅಲುಗಾಡಿದರೆ ಮನಸ್ಸೂ ಅಲುಗಾಡುತ್ತದೆ ಅಂತ. ಆದರೆ ಕಾಫಿ ತಣ್ಣಗಾದರೆ ಏನಾಗುತ್ತದೆ ಅಂತ ಅದರಲ್ಲಿಲ್ಲ.

ನನಗೇನಾಯಿತು ಅಂತ ಕೇಳಿದರೆ, ಜಾಸ್ತಿ ಏನೂ ಹೇಳಿಕೊಳ್ಳೋಕೆ ಇಲ್ಲ. ಕೂತಾಗ ಬೆಳಕು ಕಾಣಲಿಲ್ಲ. ಸಿಟ್ಟು ಹೋಗಲಿಲ್ಲ. ಹೋದ ಚಳಿಗಾಲದ ಒಂದು ಸಂಜೆ ಹೇಳುತ್ತೇನೆ. ಮಗಳ ಪ್ರಿಪರೇಟರಿ ಫಿಸಿಕ್ಸ್ ಪೇಪರ್ ಬಂದಿತ್ತು. 70ಕ್ಕೆ 31. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ, ಬೆರಳೆಲ್ಲ ಸೊಗಡು. ಪೇಪರ್ ನೋಡಿದ ತಕ್ಷಣ ಬೈಯೋಕೆ ಉಸಿರು ಎಳೆದುಕೊಂಡೆ, ಎದೆ ತುಂಬ. ಆಗ ಹೊಟ್ಟೆ ಗಕ್ಕನೆ ಹಿಡಿದುಕೊಂಡದ್ದು ಗೊತ್ತಾಯಿತು. ಟೈಲರ್ ಟೇಪು ಸುತ್ತಿದ ಹಾಗೆ, ಅದೇ ಜಾಗ. ಮೊದಲಾಗಿದ್ದರೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಯಿತಲ್ಲ, ಬೇರೆ ದಾರಿ ಇರಲಿಲ್ಲ, ಬಿಟ್ಟೆ. ಒಂದು ಉಸಿರು, ನಾಲ್ಕೈದು ಸೆಕೆಂಡ್ ಇರಬಹುದು. ಅಷ್ಟರಲ್ಲಿ ಮಗಳೇ, "ಅಮ್ಮಾ, ಕೊನೇ ಪುಟ ತಿರುಗಿಸೋದೇ ಮರ್ತೋಯ್ತು. ಹತ್ತು ಮಾರ್ಕ್ಸಿನ ಲೆಕ್ಕ ಬಿಟ್ಟುಬಿಟ್ಟೆ" ಅಂದಳು. ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಅವಳೂ ಉಸಿರು ಹಿಡಿದುಕೊಂಡೇ ನಿಂತಿದ್ದಳು, ಹೊಟ್ಟೆ ಒಳಗೆ ಎಳೆದುಕೊಂಡು, ನನ್ನ ಹಾಗೆಯೇ. ಇದು ಯಾರಿಂದ ಬಂತು ಅಂತ ಕೇಳಬೇಕಾಗಿಯೇ ಇಲ್ಲ.

ಬೈದೆ. ಬೈಯದೆ ಬಿಡುತ್ತೇನಾ? ಆದರೆ ಅವಳಿಗೂ ಒಂದು ಹಿಡಿ ಅವರೆಕಾಯಿ ಕೊಟ್ಟು, ಸುಲಿಯುತ್ತಾ ಬೈದೆ. ಅರ್ಧ ಗಂಟೆಯಲ್ಲಿ ಇಬ್ಬರೂ ಆ ಲೆಕ್ಕ ಬಿಟ್ಟು ಬೇರೇನೋ ಮಾತಾಡುತ್ತಿದ್ದೆವು.

ಒಂದು ಮಾತು ಹೇಳಲೇಬೇಕು. ಇದು ಎಲ್ಲರಿಗೂ ಒಗ್ಗುವುದಿಲ್ಲ. ನಾನು ಉತ್ಸಾಹದಲ್ಲಿ ಇನ್ನೊಬ್ಬ ಗೆಳತಿಯನ್ನೂ ಕೂರಿಸಿದೆ. ಅವಳಿಗೆ ಮೊದಲೇ ಗಾಬರಿಯ ತೊಂದರೆ ಇತ್ತು, ನನಗೆ ಹೇಳಿರಲಿಲ್ಲ. ಕಣ್ಣು ಮುಚ್ಚಿ ಉಸಿರು ನೋಡಿದರೆ ಅವಳಿಗೆ ಉಸಿರೇ ನಿಂತುಹೋಗುತ್ತದೇನೋ ಅನ್ನುವ ಹೆದರಿಕೆ ಶುರುವಾಯಿತು. ನಾನು ದಡ್ಡಿ, ಇನ್ನೂ ಸ್ವಲ್ಪ ದಿನ ಮಾಡು ಅಂದೆ. ಹಾಗೆ ಹೇಳಬಾರದಿತ್ತು. ಅವಳು ಡಾಕ್ಟರ ಹತ್ತಿರ ಹೋದಳು, ಈಗ ಪರವಾಗಿಲ್ಲ. ಅವಳಿಗೆ ಸರಿಹೋದದ್ದು ಕಣ್ಣು ಬಿಟ್ಟುಕೊಂಡು ಬ್ಯೂಗಲ್ ರಾಕ್ ಪಾರ್ಕಿನಲ್ಲಿ ನಡೆಯುವುದು. ನಿಮಗೂ ಹೀಗಾದರೆ ಬಿಟ್ಟುಬಿಡಿ, ನಿಮ್ಮ ತಪ್ಪೇನೂ ಇಲ್ಲ. ನಮ್ಮೂರಿನಲ್ಲೇ ಹೊಸೂರು ರಸ್ತೆಯಲ್ಲಿ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಆಸ್ಪತ್ರೆ ಇದೆ. ಹೋಗೋಕೆ ಸಂಕೋಚ ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಶುರು ಮಾಡಬೇಕು ಅನ್ನುವವರಿಗೆ ನನ್ನ ಹತ್ತಿರ ದೊಡ್ಡ ಸಲಹೆ ಇಲ್ಲ. ಐದು ನಿಮಿಷದಿಂದ ಶುರು ಮಾಡಿ. ಫೋನನ್ನು ಬೇರೆ ರೂಮಿನಲ್ಲಿಡಿ. ಹೊಸ ಮ್ಯಾಟು, ದಿಂಬು, ಗಂಟೆ, ಊದುಬತ್ತಿ ಸ್ಟ್ಯಾಂಡು ಎಲ್ಲ ಕೊಂಡು ಆಮೇಲೆ ಕೂರೋಣ ಅಂದುಕೊಂಡರೆ ಕೊಂಡದ್ದಷ್ಟೇ ಆಗುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಕೂರಿ, ಡಬಲ್ ಮಾಡೋಕೆ ಹೋಗಬೇಡಿ. ನಾನು ಮಾರ್ಚ್ ತಿಂಗಳ ಕೊನೆಯಲ್ಲಿ ನಾಲ್ಕೈದು ದಿನ ಕೂರುವುದೇ ಇಲ್ಲ. ಆಡಿಟರ್ ಆಫೀಸಿನವರಿಗೆ ಅರ್ಥ ಆಗುತ್ತದೆ.

ಮೋಟರ್ ವಿಷಯಕ್ಕೆ ಬಂದರೆ, ಅದನ್ನೇ ಈಗ ಗಡಿಯಾರ ಮಾಡಿಕೊಂಡಿದ್ದೇನೆ. ನಮ್ಮ ಟ್ಯಾಂಕು ಅರ್ಧದಿಂದ ತುಂಬೋಕೆ ಇಪ್ಪತ್ತೆರಡು ನಿಮಿಷ. ಇಪ್ಪತ್ತು ನಿಮಿಷದ ಹೊತ್ತಿಗೆ ಪೈಪಿನ ಸದ್ದು ಬದಲಾಗುತ್ತದೆ, ಗುಳುಗುಳು ಇದ್ದದ್ದು ದಪ್ಪಗಾಗುತ್ತದೆ. ಅದು ಕೇಳಿದರೆ ಎದ್ದು ಹೋಗಿ ಸ್ವಿಚ್ ಆರಿಸುತ್ತೇನೆ. ಒಂದು ಹನಿ ಆಚೆ ಬಿದ್ದಿಲ್ಲ. ಓನರ್ ಆಂಟಿ ಈಗ ನಿಶ್ಚಿಂತೆಯಿಂದ ಸಂಡಿಗೆ ಹಾಕುತ್ತಾರೆ.

ಇವತ್ತು ಬೆಳಗ್ಗೆ ಕರೆಂಟ್ ಇರಲಿಲ್ಲ. ಮೋಟರ್ ಇಲ್ಲ, ಪೈಪಿನ ಸದ್ದಿಲ್ಲ. ಆದರೂ ಕೂತೆ. ಯಾವಾಗ ಏಳಬೇಕು ಅಂತ ಗೊತ್ತಾಗಲಿಲ್ಲ. ಆರು, ಏಳು, ಎಂಟು ಅಂತ ಎಣಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ.

"ಏಳೇ ಸಾಕು, ಕಾಫಿ ತಣ್ಣಗಾಗ್ತಾ ಇದೆ."